ಓದುಗರ ಪ್ರಶ್ನೆ, ನಮ್ಮ ಉತ್ತರ: ಮೋಡಗಾಡಿನ ಆಂಟ್‌ಪಿಟ್ಟ

ಆಂಡಿಸ್ ಬೆಟ್ಟಸಾಲಿನ ಹಕ್ಕಿಗಳ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬಂದ ಲೇಖನದಲ್ಲಿ ಆಂಟ್‌ಪಿಟ್ಟ ಎಂಬ ಹೆಸರು ಎರಡೇ ಸಾಲಿನಲ್ಲಿ ಬಂದು ಹೋಗಿತ್ತು. ಓದುಗರು ಆ ಎರಡು ಸಾಲನ್ನು ಬಿಡಲಿಲ್ಲ. ಬಂದ ಪತ್ರಗಳಲ್ಲಿ ಒಂದೇ ಬಗೆಯವನ್ನು ಒಟ್ಟಿಗೆ ಸೇರಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಹೆಸರಿನಲ್ಲಿ ‘ಆಂಟ್’ ಇದೆ, ‘ಪಿಟ್ಟ’ನೂ ಇದೆ. ಹಾಗಾದರೆ ಇದು ಇರುವೆ ತಿನ್ನುವ ನವರಂಗವೇ?

ಎರಡೂ ಅಲ್ಲ. ಹೆಸರಿಟ್ಟವರು ಹೊರನೋಟಕ್ಕೆ ಮರುಳಾದರು. ಮೋಟು ಬಾಲ, ದುಂಡು ಮೈ, ನೆಟ್ಟಗೆ ನಿಲ್ಲುವ ಕಾಲು ನೋಡಿ ‘ಪಿಟ್ಟ’ (ನವರಂಗದ ಇಂಗ್ಲಿಷ್ ಹೆಸರು) ಎಂದರು. ಹಿಂದೆ ಇದನ್ನು ಇರುವೆಹಕ್ಕಿಗಳ ಗುಂಪಿನಲ್ಲಿ ಇಟ್ಟಿದ್ದರಿಂದ ‘ಆಂಟ್’ ಅಂಟಿಕೊಂಡಿತು. ಈಗ ಇದಕ್ಕೆ ಗ್ರಲ್ಲಾರಿಡೀ ಎಂಬ ಸ್ವಂತ ಕುಟುಂಬವಿದೆ. ನಮ್ಮ ನವರಂಗ ಪಿಟ್ಟಿಡೀ ಕುಟುಂಬದ್ದು. ಎರಡೂ ಸಬ್‌ಆಸ್ಸೀನ್ ಎಂಬ ಹಳೆಯ ಕವಲಿಗೆ ಸೇರಿದವಾದ್ದರಿಂದ ತೀರಾ ದೂರದ ದಾಯಾದಿಗಳು ಎನ್ನಬಹುದು, ಅಷ್ಟೇ. ನವರಂಗದ ಕುಟುಂಬ ಏಷ್ಯ, ಆಫ್ರಿಕ, ಆಸ್ಟ್ರೇಲಿಯದ ಕಡೆ ಉಳಿಯಿತು, ಆಂಟ್‌ಪಿಟ್ಟದ್ದು ಅಮೆರಿಕ ಖಂಡಗಳಲ್ಲಿ.

ಆಂಟ್‌ಪಿಟ್ಟಗಳಲ್ಲಿ ಸುಮಾರು 70 ಪ್ರಭೇದಗಳಿವೆ. ದಕ್ಷಿಣ ಮೆಕ್ಸಿಕೊದಿಂದ ಉತ್ತರ ಅರ್ಜೆಂಟೀನಾದವರೆಗೆ ಹರಡಿಕೊಂಡಿವೆ. ಅತಿ ಹೆಚ್ಚು ಪ್ರಭೇದಗಳು ಕೊಲಂಬಿಯ, ಎಕ್ವಡಾರ್ ಮತ್ತು ಪೆರುವಿನ ಆಂಡಿಸ್ ಇಳಿಜಾರುಗಳಲ್ಲಿ, ದಿನವೂ ಮೋಡ ಬಂದು ಕೂರುವ ಕಾಡುಗಳಲ್ಲಿವೆ. ಊಟ ಮುಖ್ಯವಾಗಿ ಎರೆಹುಳು, ಜೀರುಂಡೆ, ತರಗೆಲೆಯಡಿಯ ಹುಳುಹುಪ್ಪಟೆ. ಇರುವೆಯನ್ನು ತಿನ್ನುವುದೇ ಇಲ್ಲವೆಂದಲ್ಲ, ಆದರೆ ಹೆಸರಿಗೆ ತಕ್ಕಷ್ಟು ತಿನ್ನುವುದಿಲ್ಲ.

ಪ್ರಶ್ನೆ: ಕಾಲು ಯಾಕೆ ಅಷ್ಟು ಉದ್ದ? (ಏಳನೇ ತರಗತಿಯ ಓದುಗರೊಬ್ಬರ ಪ್ರಶ್ನೆ)

ಕೋಳಿಮೊಟ್ಟೆಗೆ ಎರಡು ಕಡ್ಡಿ ಚುಚ್ಚಿ ನಿಲ್ಲಿಸಿದ ಹಾಗಿದೆ ಎಂದು ನೀನು ಬರೆದದ್ದು ಸರಿಯಾಗಿಯೇ ಇದೆ ಪುಟ್ಟ. ಗ್ರಲ್ಲಾರಿಯ ಎಂಬ ಕುಲದ ಹೆಸರಿಗೂ ಮರಗಾಲು ಕಟ್ಟಿಕೊಂಡು ನಡೆಯುವುದಕ್ಕೂ ಸಂಬಂಧವಿದೆ, ಮೂಲ ಲ್ಯಾಟಿನ್. ಈ ಹಕ್ಕಿಯ ಓಡಾಟ, ಊಟ ಹೆಚ್ಚಾಗಿ ನೆಲದ ಮೇಲೆ. ಆ ಕಾಡಿನ ನೆಲವೋ, ಬಿದ್ದ ಕೊಂಬೆ, ಒದ್ದೆ ಎಲೆ, ಪಾಚಿ ಮೆತ್ತಿದ ಬೇರುಗಳ ರಾಶಿ. ಗಿಡ್ಡ ಕಾಲಿನ ಹಕ್ಕಿ ಅಲ್ಲಿ ಎಡವುತ್ತಲೇ ಇರಬೇಕಾಗುತ್ತದೆ. ಉದ್ದ ಕಾಲಿದ್ದರೆ ಕುಪ್ಪಳಿಸಿ ದಾಟಬಹುದು, ಸರಸರ ಓಡಬಹುದು, ತಲೆಯೆತ್ತಿ ಸುತ್ತ ನೋಡಬಹುದು. ಇನ್ನೊಂದು ವಿಷಯ ಗಮನಿಸು: ಕಣ್ಣೂ ದೊಡ್ಡದು. ಮಧ್ಯಾಹ್ನವೂ ಮುಸ್ಸಂಜೆಯಂತಿರುವ ಕಾಡಿಗೆ ಅದು ಬೇಕೇ ಬೇಕು.

ಪ್ರಶ್ನೆ: ಎಕ್ವಡಾರಿನ ಕಾಡಿನಲ್ಲಿ ಮೂರು ದಿನ ನಡೆದೆವು. ಕೂಗು ಕೇಳಿತು, ಹಕ್ಕಿ ಮಾತ್ರ ಕಾಣಲಿಲ್ಲ. ಒಮ್ಮೆ ಹತ್ತು ಮೀಟರ್ ಒಳಗೇ ಇತ್ತು ಅನ್ನಿಸಿತು. ಎಲ್ಲಿ ತಪ್ಪಿದೆವು?

‘ನಡೆದೆವು’ ಅಂದಿರಲ್ಲ, ತಪ್ಪಿದ್ದು ಅಲ್ಲೇ. ಈ ಹಕ್ಕಿಯನ್ನು ಹುಡುಕಿಕೊಂಡು ಹೋದರೆ ಅದು ನಿಮಗಿಂತ ಮೊದಲೇ ನಿಮ್ಮ ಹೆಜ್ಜೆ ಕೇಳಿಸಿಕೊಂಡು ಪೊದೆಯೊಳಗೆ ಸರಿದಿರುತ್ತದೆ. ಹಾರಿ ಹೋದರೆ ರೆಕ್ಕೆ ಸದ್ದಾದರೂ ಕೇಳಿಸೀತು. ಇದು ನಡೆದೇ ಮಾಯವಾಗುತ್ತದೆ. ಕಾಡು ಬಲ್ಲವರಿಗೂ ಚಳ್ಳೆಹಣ್ಣು ತಿನ್ನಿಸುವ ಹಕ್ಕಿ ಇದು.

ಮೊದಲು ಸಮಯ. ಎಕ್ವಡಾರ್ ಭೂಮಧ್ಯರೇಖೆಯ ಮೇಲಿದೆ, ಆದ್ದರಿಂದ ವರ್ಷವಿಡೀ ಸೂರ್ಯೋದಯ ಹೆಚ್ಚುಕಡಿಮೆ ಬೆಳಿಗ್ಗೆ 6 ಗಂಟೆಯ ಆಸುಪಾಸು. 5:45ಕ್ಕೆ ನೀವು ಜಾಗದಲ್ಲಿ ನಿಂತಿರಬೇಕು, ಹೊರಟಿದ್ದರೆ ಸಾಲದು. ಹಾಡು ಜೋರಾಗಿರುವುದು ಮೊದಲ ಒಂದು ಗಂಟೆ. ಕಾಲುದಾರಿ ಅಥವಾ ಮಣ್ಣುರಸ್ತೆಯ ಅಂಚಿಗೆ ಎರೆಹುಳು ಹೆಕ್ಕಲು ಹಕ್ಕಿ ಹೊರಬರುವುದೂ ಆ ಹೊತ್ತಿನಲ್ಲೇ. ಜನ, ವಾಹನ ಓಡಾಡಲು ಶುರುವಾದ ಮೇಲೆ ಆ ಅವಕಾಶ ಮುಗಿದಂತೆ. ಸಂಜೆ ಬೆಳಕು ಕುಂದುವಾಗ ಇನ್ನೊಂದು ಸಣ್ಣ ಅವಕಾಶ ಸಿಗುತ್ತದೆ.

ಎರಡನೆಯದು ದಿಕ್ಕು. ಆಂಟ್‌ಪಿಟ್ಟದ ಹಾಡು ತಗ್ಗು ದನಿಯ, ಟೊಳ್ಳು ಸಿಳ್ಳೆಯಂಥದ್ದು. ದಟ್ಟ ಗಿಡಗಂಟಿಯ ನಡುವೆ ತಗ್ಗು ದನಿ ದೂರ ಹೋಗುತ್ತದೆ, ಎಲೆಗೆ ಬಡಿದು ಚೂರಾಗುವುದು ಕಡಿಮೆ. ಹಾಗಾಗಿ ನೂರು ಮೀಟರ್ ಆಚೆಯದ್ದು ಹತ್ತಿರದಲ್ಲೇ ಇರುವಂತೆ ಕೇಳುತ್ತದೆ. ನಿಮ್ಮ ‘ಹತ್ತು ಮೀಟರ್’ ಬಗ್ಗೆ ನಮಗೆ ಅನುಮಾನ ಇರುವುದು ಇದಕ್ಕೇ. ಹೀಗೆ ಮಾಡಿ ನೋಡಿ: ಕೂಗು ಕೇಳಿದಲ್ಲೇ ನಿಂತು, ಎದುರಿನ ಒಂದು ಮರವನ್ನು ಗುರುತಾಗಿ ಇಟ್ಟುಕೊಳ್ಳಿ. 20–30 ಹೆಜ್ಜೆ ದಾರಿಗುಂಟ ಸರಿದು ಮುಂದಿನ ಕೂಗಿಗೆ ಕಾಯಿರಿ, ಮತ್ತೆ ದಿಕ್ಕು ಗುರುತಿಸಿ. ಎರಡು ಗೆರೆ ಎಲ್ಲಿ ಕೂಡುತ್ತವೋ ಹಕ್ಕಿ ಅಲ್ಲಿ. ಗೆರೆಗಳು ಹೆಚ್ಚುಕಡಿಮೆ ಒಂದೇ ನೇರಕ್ಕೆ ಹೋದರೆ ಹಕ್ಕಿ ದೂರವಿದೆ ಎಂದರ್ಥ, ಅದನ್ನು ಬಿಟ್ಟುಬಿಡಿ. ಕೂಗಿನ ನಡುವೆ ತಲೆಯನ್ನು ನಿಧಾನ ಎಡಕ್ಕೆ ಬಲಕ್ಕೆ ತಿರುಗಿಸಿದರೂ ದಿಕ್ಕು ಸ್ವಲ್ಪ ಖಚಿತವಾಗುತ್ತದೆ.

ಮೂರನೆಯದು ನೋಟ. ಹಕ್ಕಿಯ ಆಕಾರ ಹುಡುಕಬೇಡಿ, ಅಲುಗಾಟ ಹುಡುಕಿ. ಇದರ ನಡೆಗೆ ಒಂದು ತಾಳವಿದೆ: ನಾಲ್ಕಾರು ಹೆಜ್ಜೆ ಓಟ, ತಟ್ಟನೆ ನಿಲುಗಡೆ, ಕಲ್ಲಿನಂತೆ ನಿಂತು ಆಲಿಸುವುದು, ಒಂದು ಕುಕ್ಕು, ಮತ್ತೆ ಓಟ. ನಿಂತಾಗ ಕಂದು ಮೈ ತರಗೆಲೆಯೊಳಗೆ ಕರಗಿಹೋಗುತ್ತದೆ. ನೀವು ಕುಕ್ಕರಗಾಲಲ್ಲಿ ಕೂತು, ಪೊದೆಯ ಬುಡದ ಮಟ್ಟದಲ್ಲಿ ದೃಷ್ಟಿ ಇಟ್ಟರೆ ಎಲೆಗಳ ಕೆಳಗಿನ ಖಾಲಿ ಜಾಗ ಕಾಣುತ್ತದೆ. ನಿಂತೇ ನೋಡಿದರೆ ಎಲೆಗಳ ನೆತ್ತಿ ಮಾತ್ರ. ದುರ್ಬೀನನ್ನು ಮೊದಲೇ ಎಂಟು–ಹತ್ತು ಮೀಟರಿಗೆ ಫೋಕಸ್ ಮಾಡಿಟ್ಟುಕೊಳ್ಳಿ.

ಬರಬರ ಸದ್ದು ಮಾಡುವ ಪ್ಲಾಸ್ಟಿಕ್ ಮಳೆಕೋಟು ಈ ಕೆಲಸಕ್ಕೆ ಶತ್ರು. ಮೆತ್ತನೆ ಬಟ್ಟೆಯ ಕೋಟು, ಮೊಣಕಾಲವರೆಗಿನ ರಬ್ಬರ್ ಬೂಟು ಸಾಕು. ಇನ್ನು, ಮಂಜಿನಲ್ಲಿ ದಾರಿಯ ಮೇಲೆ ಕುಪ್ಪಳಿಸುವ ಕಪ್ಪು ಹಕ್ಕಿಯನ್ನೆಲ್ಲ ಆಂಟ್‌ಪಿಟ್ಟ ಎಂದು ಬರೆದುಕೊಳ್ಳುವ ಮುನ್ನ ಬಾಲ ನೋಡಿ. ಆಂಡಿಸ್‌ನಲ್ಲಿ ಗ್ರೇಟ್ ಥ್ರಷ್ ಎಂಬ ದೊಡ್ಡ ಹಕ್ಕಿ ಎಲ್ಲೆಲ್ಲೂ ಇದೆ, ಅದಕ್ಕೆ ಬಾಲ ಉದ್ದ. ಆಂಟ್‌ಪಿಟ್ಟಕ್ಕೆ ಬಾಲ ಇದೆಯೋ ಇಲ್ಲವೋ ಎಂಬಷ್ಟು.

ಮೊದಲ ಸಲ ಹೋಗುವವರಿಗೆ ನಮ್ಮ ಸಲಹೆ: ಶುರುವನ್ನು ಟಾನಿ ಆಂಟ್‌ಪಿಟ್ಟದಿಂದ ಮಾಡಿ. ಅದು ಕಾಡಿನ ಮೇಲಂಚು ದಾಟಿ ಪಾರಮೊ ಎಂಬ ಎತ್ತರದ ಹುಲ್ಲುಗಾವಲಿಗೂ ಬರುತ್ತದೆ, 3,000 ಮೀಟರ್‌ಗೂ ಮೇಲೆ. ಹುಲ್ಲಿನ ಕುಪ್ಪೆಯ ಮೇಲೆ, ಬೇಲಿಕಂಬದ ಮೇಲೆ ಬಯಲಲ್ಲೇ ನಿಂತು ಕೂಗುವ ಧಾರಾಳಿ. ಅದರ ನಡೆ, ನಿಲುವು ಒಮ್ಮೆ ಕಣ್ಣಿಗೆ ಕೂತರೆ ಕಾಡಿನೊಳಗಿನವು ಅರ್ಧ ಸುಲಭ.

ಪ್ರಶ್ನೆ: ಹಾಡು ಕೇಳಿ ಪ್ರಭೇದ ಹೇಳಲು ಬರುತ್ತದೆಯೇ?

ಬರುತ್ತದೆ, ಕೆಲವನ್ನು ಹಾಡಿನಿಂದಲೇ ಹೇಳಬೇಕು. ಕಿವಿಗೆ ಮೊದಲು ಹಿಡಿಸುವುದು ಚೆಸ್ಟ್‌ನಟ್-ಕ್ರೌನ್ಡ್ ಆಂಟ್‌ಪಿಟ್ಟ. ಮೂರು ಸಿಳ್ಳೆ, ನಡುವಿನದು ತಗ್ಗು. ಕೊಲಂಬಿಯದ ಹಳ್ಳಿಗರ ಕಿವಿಗೆ ಅದು ‘ಕೊಂಪ್ರಾ ಪಾನ್’, ಅಂದರೆ ‘ಬ್ರೆಡ್ ಕೊಂಡುಕೋ’ ಎಂದು ಕೇಳಿಸಿ, ಹಕ್ಕಿಗೂ ಕೊಂಪ್ರಾಪಾನ್ ಎಂಬ ಹೆಸರೇ ನಿಂತಿತು. ಟಾನಿಯದು ಒಂದು ಟೊಳ್ಳು ‘ಟುಕ್’, ಸಣ್ಣ ಬಿಡುವು, ಆಮೇಲೆ ‘ಟು-ಟು’. ಜೈಂಟ್ ಆಂಟ್‌ಪಿಟ್ಟದ್ದು ಕೆಲವು ಸೆಕೆಂಡು ಎಳೆಯುವ ತಗ್ಗು ನಡುಗುದನಿ, ಕೊನೆಗೆ ಬರುತ್ತ ಏರುತ್ತದೆ. ಅನ್‌ಡ್ಯುಲೇಟೆಡ್ ಎಂಬುದರ ದನಿಯೂ ಅಂಥದ್ದೇ, ಆದರೆ ಕೊನೆಯಲ್ಲಿ ಗುಟುಕರಿಸಿದಂಥ ಎರಡು ಮೂರು ಗಟ್ಟಿ ಸ್ವರ ಬೀಳುತ್ತದೆ. ಈ ಎರಡನ್ನು ಒಂದಕ್ಕೊಂದು ಅದಲುಬದಲು ಮಾಡುವುದು ಸಾಮಾನ್ಯ. ಕೊನೆಯವರೆಗೆ ಕೇಳದೆ ತೀರ್ಮಾನಿಸಬೇಡಿ.

ಹಾಡಿನ ಬೆಲೆ ಎಷ್ಟೆಂದು ತಿಳಿಯಲು ಒಂದೇ ಉದಾಹರಣೆ ಸಾಕು. ರೂಫಸ್ ಆಂಟ್‌ಪಿಟ್ಟ ಎಂದು ಕರೆಯುತ್ತಿದ್ದ ಕೆಂಗಂದು ಹಕ್ಕಿ ವೆನೆಜುವೆಲದಿಂದ ಬೊಲಿವಿಯದವರೆಗೆ ನೋಡಲು ಹೆಚ್ಚುಕಡಿಮೆ ಒಂದೇ ತರ. ಆದರೆ ಕಣಿವೆಯಿಂದ ಕಣಿವೆಗೆ ಹಾಡು ಬೇರೆ. ಹಾಡು, ಡಿಎನ್‌ಎ, ಗರಿಯ ಬಣ್ಣ ಮೂರನ್ನೂ ಹೋಲಿಸಿ 2020ರಲ್ಲಿ ಸಂಶೋಧಕರು ಆ ಗುಂಪಿನಲ್ಲಿ 16 ಪ್ರಭೇದಗಳಿವೆ ಎಂದು ತೋರಿಸಿದರು. ಅವುಗಳಲ್ಲಿ ಆರಕ್ಕೆ ಅಲ್ಲಿಯವರೆಗೆ ಹೆಸರೇ ಇರಲಿಲ್ಲ. ಕಾರಣ ಸರಳ. ಗಿಡ್ಡ ರೆಕ್ಕೆಯ, ನೆಲ ಬಿಡದ, ಬಿಸಿಲಿನ ಬಯಲು ದಾಟದ ಹಕ್ಕಿಗೆ ಆಳವಾದ ಒಣ ಕಣಿವೆಯೊಂದು ಸಮುದ್ರವಿದ್ದಂತೆ. ಎರಡು ದಡದ ಹಕ್ಕಿಗಳು ಲಕ್ಷಾಂತರ ವರ್ಷ ಕೂಡದೆ ಉಳಿದರೆ ಬೇರೆಬೇರೆಯೇ ಆಗುತ್ತವೆ. ಮೈಬಣ್ಣ ಬದಲಾಗದಿದ್ದರೂ ಹಾಡು ಬದಲಾಗುತ್ತದೆ.

ಪ್ರಶ್ನೆ: 1997ರವರೆಗೂ ವಿಜ್ಞಾನಕ್ಕೆ ಗೊತ್ತಿಲ್ಲದ ದೊಡ್ಡ ಆಂಟ್‌ಪಿಟ್ಟವೊಂದು ಇತ್ತಂತೆ. ಇಷ್ಟು ದೊಡ್ಡ ಹಕ್ಕಿ ಅಲ್ಲಿಯವರೆಗೆ ಅಡಗಿದ್ದು ಹೇಗೆ?

ನೀವು ಕೇಳುತ್ತಿರುವುದು ಹೊಕೊಟೊಕೊ ಆಂಟ್‌ಪಿಟ್ಟದ ಬಗ್ಗೆ. ದಕ್ಷಿಣ ಎಕ್ವಡಾರಿನ ತಪಿಚಲಾಕ ಎಂಬಲ್ಲಿ 1997ರ ನವೆಂಬರಿನಲ್ಲಿ ಪಕ್ಷಿತಜ್ಞ ರಾಬರ್ಟ್ ರಿಡ್ಜ್ಲಿ ಮತ್ತು ಜೊತೆಗಾರರಿಗೆ ಮೊದಲು ಸಿಕ್ಕಿದ್ದು ಹಕ್ಕಿಯಲ್ಲ, ಪರಿಚಯವಿಲ್ಲದ ಒಂದು ಕೂಗು. ಗೂಬೆಯದೋ ನಾಯಿಯದೋ ಎನ್ನಿಸುವ, ಸಮ ಅಂತರದ ‘ಹೂ… ಹೂ…’. ಅದನ್ನು ರೆಕಾರ್ಡ್ ಮಾಡಿ ತಿರುಗಿ ಕೇಳಿಸಿದಾಗ ಹಕ್ಕಿ ಹೊರಬಂತು. ಉದ್ದ 20 ಸೆಂಟಿಮೀಟರಿಗೂ ಹೆಚ್ಚು, ಕಪ್ಪು ನೆತ್ತಿ, ಕಣ್ಣಿನ ಕೆಳಗೆ ಎದ್ದು ಕಾಣುವ ಬಿಳಿ ಮಚ್ಚೆ. ಅಂಥ ಮುಖ ಬೇರಾವ ಆಂಟ್‌ಪಿಟ್ಟಕ್ಕೂ ಇಲ್ಲ. 1999ರಲ್ಲಿ ಗ್ರಲ್ಲಾರಿಯ ರಿಡ್ಜ್ಲಿಯೈ ಎಂಬ ಹೆಸರಿನೊಂದಿಗೆ ವರ್ಣನೆ ಪ್ರಕಟವಾಯಿತು. ಅದಕ್ಕೂ ಮೊದಲೇ, 1998ರಲ್ಲಿ, ಆ ಕಾಡನ್ನು ಕೊಂಡು ಉಳಿಸಲು ಹೊಕೊಟೊಕೊ ಪ್ರತಿಷ್ಠಾನ ಹುಟ್ಟಿಕೊಂಡಿತ್ತು.

ಅಡಗಿದ್ದಕ್ಕೆ ಕಾರಣ ಅದರ ಜಾಗದ ಪುಟ್ಟತನ. ಸುಮಾರು 2,300ರಿಂದ 2,700 ಮೀಟರ್ ನಡುವಿನ, ಬಿದಿರು ದಟ್ಟವಾಗಿರುವ, ತೀರಾ ಮಳೆ ಸುರಿಯುವ ಇಳಿಜಾರು. ಆಚೀಚೆ ಉತ್ತರ ಪೆರುವಿನ ಅಂಚಿನಲ್ಲಿ ಸ್ವಲ್ಪ. ಅಷ್ಟೇ ಅದರ ಪ್ರಪಂಚ.

ಇದೇ ಕತೆ 2010ರಲ್ಲಿ ಕೊಲಂಬಿಯದಲ್ಲಿ ಜಗಳದ ರೂಪದಲ್ಲಿ ನಡೆಯಿತು. ಉರ್ರಾವೊ ಊರಿನ ಮೇಲಿನ ಕಾಡಿನಲ್ಲಿ ಸಿಕ್ಕ ಹೊಸ ಆಂಟ್‌ಪಿಟ್ಟಕ್ಕೆ ಎರಡು ತಂಡಗಳು ಕೆಲವೇ ವಾರಗಳ ಅಂತರದಲ್ಲಿ ಎರಡು ಹೆಸರು ಪ್ರಕಟಿಸಿದವು, ಫೆನ್ವಿಕೋರಮ್ ಮತ್ತು ಉರ್ರಾವೊಎನ್ಸಿಸ್. ಪಟ್ಟಿಗಳಲ್ಲಿ ಎರಡೂ ಹೆಸರು ಕಂಡು ಎರಡು ಹಕ್ಕಿ ಎಂದುಕೊಳ್ಳಬೇಡಿ.

ಪ್ರಶ್ನೆ: ಹೆಸರು ಹಿಡಿದು ಕರೆದರೆ ಬಂದು ಎರೆಹುಳು ತಿನ್ನುವ ಆಂಟ್‌ಪಿಟ್ಟದ ವಿಡಿಯೊ ನೋಡಿದೆ. ನಾಚಿಕೆಯ ಹಕ್ಕಿ ಎನ್ನುತ್ತೀರಿ, ಇದು ಹೇಗೆ? ಹೀಗೆ ಅಭ್ಯಾಸ ಮಾಡಿಸುವುದು ಸರಿಯೇ?

ವಾಯವ್ಯ ಎಕ್ವಡಾರಿನಲ್ಲಿ, ಮಿಂಡೊ ಪ್ರದೇಶದ ಹತ್ತಿರ, ಆಂಹೆಲ್ ಪಾಸ್ ಎಂಬ ರೈತರಿಂದ ಇದು ಶುರುವಾಯಿತು, 2005ರ ಸುಮಾರಿಗೆ. ತಮ್ಮ ಕಾಡಿನಲ್ಲಿ ಕಾಕ್-ಆಫ್-ದ-ರಾಕ್ ಹಕ್ಕಿಗಳು ಕುಣಿಯುವ ಜಾಗಕ್ಕೆ ಅವರು ದಾರಿ ಕಡಿಯುತ್ತಿದ್ದರು. ಹೊಸದಾಗಿ ಕೆದಕಿದ ಮಣ್ಣಿನಲ್ಲಿ ಎದ್ದ ಎರೆಹುಳುಗಳಿಗೆ ಒಂದು ದೊಡ್ಡ ಹಕ್ಕಿ ಬರತೊಡಗಿತು. ಅದು ಜೈಂಟ್ ಆಂಟ್‌ಪಿಟ್ಟ, ಪಕ್ಷಿವೀಕ್ಷಕರು ಜೀವಮಾನವಿಡೀ ಹುಡುಕಿಯೂ ಕಾಣದೆ ಉಳಿಯುತ್ತಿದ್ದ ಹಕ್ಕಿ. ಪಾಸ್ ದಿನವೂ ಹುಳು ಇಟ್ಟರು, ‘ಮರಿಯಾ’ ಎಂದು ಕರೆದರು, ಕೊನೆಗೆ ಹಕ್ಕಿ ದನಿಗೆ ಒಗ್ಗಿತು. ಈಗ ಕೊಲಂಬಿಯದ ಮನಿಸಾಲೆಸ್ ಹತ್ತಿರದ ರಿಯೊ ಬ್ಲಾಂಕೊ, ತಪಿಚಲಾಕ ಮೊದಲಾದ ಹಲವು ಕಡೆ ಇದೇ ಪದ್ಧತಿ. ರಿಯೊ ಬ್ಲಾಂಕೊದಲ್ಲಿ ಬರುವ ಬ್ರೌನ್-ಬ್ಯಾಂಡೆಡ್ ಆಂಟ್‌ಪಿಟ್ಟವಂತೂ ಕೊಲಂಬಿಯದ ನಡು ಆಂಡಿಸ್ ಬಿಟ್ಟು ಬೇರೆಲ್ಲೂ ಇಲ್ಲ.

ನಾಚಿಕೆ ಹೋಗಿಲ್ಲ. ಅದೇ ಹಕ್ಕಿ ಹುಳು ಇಡುವ ಮನುಷ್ಯನಿಲ್ಲದೆ ನೀವೊಬ್ಬರೇ ಹೋದರೆ ಕಣ್ಣಿಗೆ ಬೀಳುವುದಿಲ್ಲ. ಒಂದು ಜಾಗ, ಒಂದು ಹೊತ್ತು, ಒಂದು ದನಿ ಇವಿಷ್ಟಕ್ಕೆ ಮಾತ್ರ ಅದು ಒಗ್ಗಿದೆ. ಕ್ರಮ ಹೀಗೆ: ಹಕ್ಕಿ ಆಗಲೇ ಓಡಾಡುವ ದಾರಿಯ ಅಂಚಿನಲ್ಲಿ ಒಂದು ಮೀಟರ್ ಅಗಲ ತರಗೆಲೆ ಸರಿಸಿ ಮಣ್ಣು ಕಾಣುವಂತೆ ಮಾಡುವುದು, ಪಕ್ಕದಲ್ಲೇ ಓಡಿ ಅಡಗಲು ಪೊದೆ ಉಳಿಸುವುದು. ಮುಂಜಾನೆ ಒಂದೇ ಹೊತ್ತಿಗೆ ಹುಳು ಇಟ್ಟು ಹೊರಟುಬಿಡುವುದು, ನಿಂತು ನೋಡುವುದಲ್ಲ. ಹುಳು ಖಾಲಿಯಾಗತೊಡಗಿದ ಮೇಲೆ ದೂರದಲ್ಲಿ ಕೂರುವುದು, ದಿನದಿಂದ ದಿನಕ್ಕೆ ಹತ್ತಿರ. ಇದಕ್ಕೆ ವಾರಗಟ್ಟಲೆ ಬೇಕು. ಅವಸರದಲ್ಲಿ ಮೂರನೇ ದಿನವೇ ಜನ ಕರೆತಂದವರ ಜಾಗದಲ್ಲಿ ಹಕ್ಕಿ ಬರುವುದು ನಿಂತುಹೋಗುತ್ತದೆ.

ಕೆಡುವುದು ಹುಳುವಿನ ವಿಷಯದಲ್ಲೇ. ಗೊಬ್ಬರದ ಗುಂಡಿಯಲ್ಲಿ ಸಾಕುವ ಕೆಂಪು ಹುಳು ಸುಲಭಕ್ಕೆ ಸಿಗುತ್ತದೆ, ಆದರೆ ಅದು ಆ ಕಾಡಿನದ್ದಲ್ಲ. ಜೀವಂತ ತಪ್ಪಿಸಿಕೊಂಡರೆ ಮಣ್ಣಿನಲ್ಲಿ ನೆಲೆಯೂರುವ ಅಪಾಯವಿದೆ. ಮುಟ್ಟಿದರೆ ವಾಸನೆಯ ಹಳದಿ ದ್ರವವನ್ನೂ ಬಿಡುತ್ತದೆ. ಹಾಗಾಗಿ ಶುದ್ಧ ನೀರಿನಲ್ಲಿ ತೊಳೆದು, ಎರಡು–ಮೂರು ಸೆಂಟಿಮೀಟರ್ ತುಂಡು ಮಾಡಿ, ಹಕ್ಕಿ ಆಗಲೇ ತಿಂದು ಮುಗಿಸುವಷ್ಟನ್ನೇ ಇಡಬೇಕು. ಉಳಿದದ್ದನ್ನು ಹೆಕ್ಕಿ ತೆಗೆಯಬೇಕು, ಇಲ್ಲವಾದರೆ ಇಲಿ ಬರುತ್ತದೆ, ಅದರ ಹಿಂದೆ ಬೇಟೆಪ್ರಾಣಿ. ಒಂದೇ ಚಪ್ಪಟೆ ಕಲ್ಲಿನ ಮೇಲೆ ವರ್ಷವಿಡೀ ಇಟ್ಟರೆ ಹಿಕ್ಕೆ, ಕೊಳೆ ಸೇರಿ ರೋಗಕ್ಕೆ ದಾರಿ. ಜಾಗವನ್ನು ಆಗಾಗ ಒಂದೆರಡು ಮೀಟರ್ ಸರಿಸುವುದು ಒಳ್ಳೆಯದು.

ಸರಿಯೇ ಎಂದರೆ, ನಮ್ಮ ಅಭಿಪ್ರಾಯ ಇಷ್ಟು: ಒಂದು ಕಾಡಿನ ಒಂದೋ ಎರಡೋ ಹಕ್ಕಿಗೆ ದಿನಕ್ಕೆ ನಾಲ್ಕು ತುಂಡು ಹುಳು ಕೊಟ್ಟು, ಆ ಆದಾಯದಿಂದ ಕಾಡು ಕಡಿಯದೆ ಉಳಿದರೆ ವ್ಯಾಪಾರ ಕೆಟ್ಟದ್ದಲ್ಲ. ಈ ಹಕ್ಕಿಗಳಿಗೆ ದೊಡ್ಡ ಕುತ್ತು ಎರೆಹುಳುವಿನಿಂದಲ್ಲ, ದನದ ಹುಲ್ಲುಗಾವಲಿಗಾಗಿ ಬೀಳುವ ಮರಗಳಿಂದ. ಬದಲಿಗೆ ರೆಕಾರ್ಡ್ ಮಾಡಿದ ಹಾಡನ್ನು ಪದೇಪದೇ ಕೇಳಿಸಿ ಹಕ್ಕಿಯನ್ನು ಹೊರಗೆಳೆಯುವುದನ್ನು ನಾವು ಒಪ್ಪುವುದಿಲ್ಲ. ಅದಕ್ಕೆ ಅದು ಎದುರಾಳಿಯ ಸವಾಲು. ತಿನ್ನುವುದು ಬಿಟ್ಟು ಕಾವಲಿಗೆ ಓಡಾಡುತ್ತದೆ. ಅನುಮತಿ ಇರುವಲ್ಲಿ ಕೇಳಿಸಲೇಬೇಕೆಂದರೆ 20–30 ಸೆಕೆಂಡು ಒಮ್ಮೆ, ಐದು ನಿಮಿಷ ಮೌನ, ಉತ್ತರ ಬಂದ ಕೂಡಲೇ ಪೂರ್ತಿ ನಿಲ್ಲಿಸಿ. ಎರಡನೇ ಸಲಕ್ಕೂ ಉತ್ತರವಿಲ್ಲದಿದ್ದರೆ ಮುಂದೆ ಹೋಗಿ.

ಪ್ರಶ್ನೆ: ಹಕ್ಕಿ ಎದುರಿಗೇ ಬಂತು, ಫೋಟೊ ಎಲ್ಲ ಮಸುಕು. ಫ್ಲ್ಯಾಶ್ ಬಳಸಬೇಕಿತ್ತೇ?

ಬೇಡ. ಕತ್ತಲಿಗೆ ಒಗ್ಗಿದ ದೊಡ್ಡ ಕಣ್ಣಿಗೆ ಅಷ್ಟು ಹತ್ತಿರದಿಂದ ಫ್ಲ್ಯಾಶ್ ಹೊಡೆಯುವುದು ಅನ್ಯಾಯ. ಬಹುತೇಕ ಕಡೆ ಬಿಡುವುದೂ ಇಲ್ಲ. ಐಎಸ್‌ಒ 3200ರಿಂದ 6400ಕ್ಕೆ ಏರಿಸಿ, ಅಪರ್ಚರ್ ಪೂರ್ತಿ ತೆರೆದು, ಶಟರ್ 1/125ರಿಂದ 1/200 ಇಡಿ. ಓಡುವಾಗ ತೆಗೆದರೆ ಮಸುಕೇ. ಹಕ್ಕಿ ತಟ್ಟನೆ ನಿಲ್ಲುವ ಆ ಒಂದೆರಡು ಸೆಕೆಂಡಿಗೆ ಕಾದು ನಾಲ್ಕೈದು ಒಟ್ಟಿಗೆ ತೆಗೆಯಿರಿ. ಟ್ರೈಪಾಡನ್ನು ಮೊಣಕಾಲಿನ ಎತ್ತರಕ್ಕಿಳಿಸಿ. ಮೇಲಿನಿಂದ ತೆಗೆದರೆ ಆ ಉದ್ದ ಕಾಲೇ ಕಾಣುವುದಿಲ್ಲ. ಎದುರಿನ ಹುಲ್ಲುಕಡ್ಡಿಗೆ ಫೋಕಸ್ ಕೂರುವುದು ಎಲ್ಲರಿಗೂ ಆಗುವ ಎಡವಟ್ಟು, ಒಂದೇ ಬಿಂದುವಿನ ಫೋಕಸ್ಸನ್ನು ಕಣ್ಣಿನ ಮೇಲಿಡಿ. ಕಪ್ಪು ಹಿನ್ನೆಲೆ ನೋಡಿ ಕ್ಯಾಮೆರಾ ತಾನಾಗಿ ಬೆಳಕು ಹೆಚ್ಚಿಸುತ್ತದೆ, ಹೊಕೊಟೊಕೊದ ಕೆನ್ನೆಯ ಬಿಳಿ ಆಗ ಸುಟ್ಟುಹೋಗುತ್ತದೆ. ಅರ್ಧ ಸ್ಟಾಪ್‌ನಷ್ಟು ಇಳಿಸಿಕೊಳ್ಳಿ. ಬೆಚ್ಚಗಿನ ಕೋಣೆಯಿಂದ ತಂಪು ಕಾಡಿಗೆ ಬಂದು, ಮತ್ತೆ ಒಳಗೆ ಹೋದ ಕೂಡಲೇ ಚೀಲ ತೆರೆದರೆ ಲೆನ್ಸ್‌ಗೆ ಹಬೆ ಕೂರುತ್ತದೆ. ಅರ್ಧ ಗಂಟೆ ಚೀಲ ಮುಚ್ಚಿಡಿ.

ಪ್ರಶ್ನೆ: ಸೊಂಟ ಕುಣಿಸುವ ಆಂಟ್‌ಪಿಟ್ಟ ಇದೆಯಂತೆ, ನಿಜವೇ?

ನಿಜ. ಓಕರ್-ಬ್ರೆಸ್ಟೆಡ್ ಆಂಟ್‌ಪಿಟ್ಟ, ಸುಮಾರು 10 ಸೆಂಟಿಮೀಟರಿನ ಪುಟಾಣಿ. ತಲೆ ಕದಲದೆ ನಿಂತಿರುತ್ತದೆ, ಮೈ ಮಾತ್ರ ಎಡಬಲ ತೂಗುತ್ತಿರುತ್ತದೆ. ಪಾಸ್ ಅವರ ಕಾಡಿನ ಅಂಥದೊಂದಕ್ಕೆ, ಸೊಂಟ ಕುಣಿತಕ್ಕೆ ಹೆಸರಾದ ಗಾಯಕಿಯ ‘ಶಕೀರಾ’ ಎಂಬ ಅಡ್ಡಹೆಸರು ಬಿದ್ದದ್ದು ಸುಮ್ಮನಲ್ಲ. ಇದು ನೆಲಕ್ಕಿಂತ ಒಂದೆರಡು ಮೀಟರ್ ಮೇಲಿನ ಪೊದೆಯಲ್ಲಿ ಹೆಚ್ಚು ಸಿಗುತ್ತದೆ.

ಪ್ರಶ್ನೆ: ನೆಲದ ಹಕ್ಕಿಯಾದ್ದರಿಂದ ಗೂಡೂ ನೆಲದ ಮೇಲೆಯೇ?

ಅಲ್ಲ, ಇಲ್ಲೇ ಬಹಳ ಜನ ಮೋಸಹೋಗುವುದು. ಪಾಚಿ, ಕೊಳೆತ ಎಲೆ, ಸಣ್ಣ ಬೇರು ಸೇರಿಸಿ ಮಾಡಿದ ದಪ್ಪನೆಯ ಬಟ್ಟಲು. ಸಾಮಾನ್ಯವಾಗಿ ನೆಲದಿಂದ ಒಂದರಿಂದ ಕೆಲವು ಮೀಟರ್ ಮೇಲೆ, ಮರದ ಕಾಂಡಕ್ಕೆ ಅಂಟಿದ ಜರಿಗಿಡ, ಬಂದಣಿಕೆಗಳ ನಡುವೆ. ಕಾಂಡದ ಪಾಚಿಯದೇ ಒಂದು ಉಬ್ಬು ಎನ್ನಿಸುತ್ತದೆ. ಮೊಟ್ಟೆ ಸಾಮಾನ್ಯವಾಗಿ ಎರಡು, ಗ್ರಲ್ಲಾರಿಯ ಕುಲದಲ್ಲಿ ಹಸಿರುಛಾಯೆಯ ನೀಲಿ. ಗಂಡುಹೆಣ್ಣು ನೋಡಲು ಒಂದೇ ತರ, ಗೂಡು ಅಭ್ಯಾಸ ಮಾಡಿರುವ ಪ್ರಭೇದಗಳಲ್ಲಿ ಕಾವಿನ ಪಾಳಿ ಇಬ್ಬರದೂ. ಕಾವಿಗೆ ಕೂತ ಹಕ್ಕಿ ನೀವು ಪಕ್ಕದಲ್ಲಿ ಹಾದರೂ ಏಳುವುದಿಲ್ಲ. ಎದ್ದಿತೆಂದರೆ ನೀವು ಅತಿ ಹತ್ತಿರ ಹೋಗಿದ್ದೀರಿ ಎಂದೇ ಲೆಕ್ಕ. ಮುಚ್ಚಿದ ಎಲೆ ಸರಿಸಿ ಫೋಟೊ ತೆಗೆಯಬೇಡಿ. ಸರಿಸಿದ ಎಲೆಯ ಜಾಡು ಹಿಡಿದು ಮೊಟ್ಟೆಗಳ್ಳರು ಬರುತ್ತಾರೆ.

ಪ್ರಶ್ನೆ: ಕಾಣೆಯಾಗಿ ಮತ್ತೆ ಸಿಕ್ಕ ಆಂಟ್‌ಪಿಟ್ಟ ಯಾವುದು?

ತಾಚಿರ ಆಂಟ್‌ಪಿಟ್ಟ. ವೆನೆಜುವೆಲದ ಪಶ್ಚಿಮ ಅಂಚಿನ ತಾಮಾ ಬೆಟ್ಟದಲ್ಲಿ 1955–56ರಲ್ಲಿ ಸಿಕ್ಕ ಮಾದರಿಗಳಿಂದ 1956ರಲ್ಲಿ ಹೆಸರು ಪಡೆಯಿತು, ಆಮೇಲೆ 60 ವರ್ಷ ಸುದ್ದಿಯೇ ಇಲ್ಲ. ಜಾಗ ದುರ್ಗಮ ಎಂಬುದು ಒಂದು ತೊಡಕು. ದೊಡ್ಡ ತೊಡಕೆಂದರೆ ಅದರ ದನಿ ಹೇಗಿರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಕಿವಿಯಿಂದ ಹುಡುಕಬೇಕಾದ ಹಕ್ಕಿಗೆ ರೆಕಾರ್ಡಿಂಗೇ ಇಲ್ಲ. ಹಾಗಾಗಿ ಆ ಕಾಡಿನಲ್ಲಿ ಪರಿಚಯವಿರುವ ದನಿಗಳನ್ನೆಲ್ಲ ಬದಿಗಿಟ್ಟು, ಪರಿಚಯವಿಲ್ಲದ ದನಿಯ ಬೆನ್ನು ಹತ್ತಬೇಕಾಯಿತು. 2016ರಲ್ಲಿ ಹಕ್ಕಿ ಸಿಕ್ಕಿತು. ಅದರ ಮೊದಲ ಫೋಟೊ, ಮೊದಲ ಧ್ವನಿಮುದ್ರಣ ಎರಡೂ ಆಗಿನವೇ.